ಕೊಡಗಿನ ಸ್ಯಾಂಡ್‌ವಿಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಮನೆ ಇದೆ ಅಂತ ಗೊತ್ತಾದರೆ ಸಾಕು, ಜನ ಎರಡು ವಿಷಯ ಕೇಳುತ್ತಾರೆ. ಮಳೆ ಇದೆಯಾ? ತಿನ್ನೋಕೆ ಎಲ್ಲಿಗೆ ಹೋಗೋದು? ಮಳೆ ನನ್ನ ಕೈಯಲ್ಲಿಲ್ಲ. ತಿನ್ನೋ ವಿಷಯದಲ್ಲಿ ಮಾತ್ರ ಬೇಕಾದಷ್ಟು ಹೇಳಬಲ್ಲೆ. ಅದರಲ್ಲೂ ಈಚೆಗೆ ಜಾಸ್ತಿ ಕೇಳುತ್ತಿರುವುದು ಸ್ಯಾಂಡ್‌ವಿಚ್ ಬಗ್ಗೆ. ಕಾರಿನಲ್ಲಿ ಸುತ್ತುವವರಿಗೆ ಕೂತು ಊಟ ಮಾಡುವಷ್ಟು ಪುರುಸೊತ್ತಿಲ್ಲ, ಆದರೆ ಊರಿನ ರುಚಿ ಬೇಕು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕೊಡಗಿನಲ್ಲಿ ಸ್ಯಾಂಡ್‌ವಿಚ್ಚಾ? ಅಂಥದ್ದು ನಿಜವಾಗಿ ಇದೆಯಾ?

ಇದೆ. ಆದರೆ ಬೋರ್ಡಿನ ಮೇಲೆ ಆ ಹೆಸರು ಹುಡುಕಿದರೆ ಸಿಗುವುದು ಎಲ್ಲ ಊರಲ್ಲೂ ಸಿಗುವ ಚೀಸ್ ಸ್ಯಾಂಡ್‌ವಿಚ್ಚೇ. ಎರಡು ಪದರದ ನಡುವೆ ರುಚಿಯಾದ್ದನ್ನು ಇಟ್ಟು, ತಟ್ಟೆ ಇಲ್ಲದೆ, ಒಂದು ಕೈಯಲ್ಲಿ ಹಿಡಿದು ತಿನ್ನುವಂತಿದ್ದರೆ ನನ್ನ ಲೆಕ್ಕದಲ್ಲಿ ಅದು ಸ್ಯಾಂಡ್‌ವಿಚ್. ಹಾಗೆ ನೋಡಿದರೆ ಇಲ್ಲಿ ಮೊದಲ ಸ್ಥಾನ ಬ್ರೆಡ್ಡಿಗಲ್ಲ, ಅಕ್ಕಿ ಒಟ್ಟಿ ಅನ್ನುವ ಮಡಿಚಿದ ಮೆತ್ತನೆಯ ರೊಟ್ಟಿಗೆ.

ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ. ಆಮೇಲೆ ಕಾಫಿ ತೋಟಗಳು, ತೋಟದ ಬಂಗಲೆಗಳು, ಬಂಗಲೆಯ ಅಡುಗೆಮನೆಯಲ್ಲಿ ಬ್ರೆಡ್ಡು, ಬೆಣ್ಣೆ, ಸೌತೆಕಾಯಿ. ಆ ತೆಳ್ಳನೆಯ ಸೌತೆಕಾಯಿ ಸ್ಯಾಂಡ್‌ವಿಚ್ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ. ನೀರು ಬಿಡುತ್ತೆ, ಅಷ್ಟೆ.

ಒಟ್ಟಿ ಅಂದರೆ ನಮ್ಮ ಅಕ್ಕಿ ರೊಟ್ಟಿನೇ ಅಲ್ವಾ?

ಅಲ್ಲ. ಮೈಸೂರು ಕಡೆಯ ಅಕ್ಕಿ ರೊಟ್ಟಿಗೆ ಈರುಳ್ಳಿ, ಸಬ್ಬಸಿಗೆ, ಮೆಣಸಿನಕಾಯಿ ಎಲ್ಲ ಸೇರಿಸಿ ಎಣ್ಣೆ ಹಾಕಿ ಬೇಯಿಸುತ್ತಾರೆ. ಅದು ಗರಿಗರಿ, ಮಡಿಚಿದರೆ ಮುರಿಯುತ್ತೆ. ಕೊಡಗಿನ ಒಟ್ಟಿಗೆ ಅನ್ನ ಮತ್ತು ಅಕ್ಕಿಹಿಟ್ಟು ಎರಡನ್ನೂ ಸೇರಿಸಿ ನಾದುತ್ತಾರೆ. ಅನ್ನ ಇರುವುದರಿಂದ ಮೆತ್ತಗಿರುತ್ತೆ, ಬಗ್ಗುತ್ತೆ. ಎಣ್ಣೆ ಇಲ್ಲ. ಬರೀ ಹೆಂಚಿನ ಮೇಲೆ ಎರಡೂ ಕಡೆ ಬಾಡಿಸಿ, ಆಮೇಲೆ ಕೆಂಡದ ಮೇಲೆ ಇಟ್ಟರೆ ಚೆಂಡಿನ ಹಾಗೆ ಉಬ್ಬುತ್ತೆ. ಈಗ ಗ್ಯಾಸ್ ಉರಿಯ ಮೇಲೆ ಜಾಲರಿ ಇಟ್ಟು ಉಬ್ಬಿಸುವವರೇ ಜಾಸ್ತಿ.

ನಾನು ಸ್ಕೂಲಿಗೆ ಹೋಗುವಾಗ ಪಕ್ಕದ ಮನೆಯ ಆಂಟಿ ಮಗನಿಗೆ ಡಬ್ಬಿಗೆ ಒಟ್ಟಿ ಹಾಕಿಕೊಡುತ್ತಿದ್ದರು. ಒಂದು ಒಟ್ಟಿಗೆ ಎಳ್ಳಿನ ಪಜ್ಜಿ ಸವರಿ ಅರ್ಧಕ್ಕೆ ಮಡಿಚಿದ್ದು, ಇನ್ನೊಂದಕ್ಕೆ ಬೆಣ್ಣೆ, ಜೇನು. ನನ್ನ ಡಬ್ಬಿಯಲ್ಲಿ ಚಿತ್ರಾನ್ನ. ಬಹಳ ದಿನ ನಾವಿಬ್ಬರೂ ಡಬ್ಬಿ ಅದಲು ಬದಲು ಮಾಡಿಕೊಂಡೇ ತಿಂದೆವು. ಅವನಿಗೆ ಚಿತ್ರಾನ್ನ ಅಂದರೆ ಪ್ರಾಣ, ನನಗೆ ಆ ಮಡಿಕೆಯ ಹತ್ತಿರ ಪಜ್ಜಿ ದಪ್ಪಗೆ ಸೇರಿಕೊಂಡಿರುತ್ತಲ್ಲ, ಆ ತುತ್ತು. ಎಳ್ಳು ಹುರಿದು, ಮೆಣಸಿನಕಾಯಿ, ಹುಳಿ ಹಾಕಿ ಅರೆದ ಚಟ್ನಿ ಅದು. ಹೋಟೆಲಿನಲ್ಲಿ ಅಪರೂಪ. ಹೋಂಸ್ಟೇಯಲ್ಲಿ ಉಳಿದರೆ ಹಿಂದಿನ ರಾತ್ರಿಯೇ ಹೇಳಿಡಿ, ಹೆಚ್ಚಿನವರು ಬೆಳಿಗ್ಗೆ ಮಾಡಿಕೊಡುತ್ತಾರೆ.

ಹಂದಿಮಾಂಸದ ಸ್ಯಾಂಡ್‌ವಿಚ್ ಎಲ್ಲಿ ಚೆನ್ನಾಗಿರುತ್ತೆ?

ಎಲ್ಲರಿಗೂ ಬೇಕಾದ ಪ್ರಶ್ನೆ ಇದು. ನನ್ನ ಉತ್ತರ ಸ್ವಲ್ಪ ಅಡ್ಡದಾರಿಯದ್ದು: ಸ್ಯಾಂಡ್‌ವಿಚ್ ಅಂತ ಕೇಳಬೇಡಿ. ಪಂದಿ ಕರಿ, ಅಂದರೆ ಕೊಡಗಿನ ಹಂದಿಮಾಂಸದ ಕರಿ, ಚೆನ್ನಾಗಿ ಮಾಡುವ ಜಾಗಕ್ಕೆ ಹೋಗಿ, ಒಂದು ಪ್ಲೇಟ್ ಪಂದಿ, ಎರಡು ಒಟ್ಟಿ ತಗೊಳ್ಳಿ, ನೀವೇ ಮಡಿಚಿಕೊಳ್ಳಿ. ಮಡಿಕೇರಿಯಲ್ಲಾದರೆ ಕೂರ್ಗ್ ಕ್ವಿಸಿನೆಟ್‌ನಲ್ಲಿ ಎರಡೂ ಸಿಗುತ್ತೆ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಸಣ್ಣ ಸಣ್ಣ ಊಟದ ಹೋಟೆಲುಗಳಲ್ಲೂ ಮಧ್ಯಾಹ್ನ ಹನ್ನೆರಡೂವರೆಯ ಮೇಲೆ ಕೇಳಿ ನೋಡಿ. ಮೂರು ಗಂಟೆಯ ನಂತರ ಹೋದರೆ ಪಂದಿ ಇದ್ದರೂ ಒಟ್ಟಿ ಮುಗಿದಿರುತ್ತೆ.

ಮಡಿಚುವುದಕ್ಕೂ ಒಂದು ಕ್ರಮ ಇದೆ. ಮೊದಲು ಗೊಜ್ಜು ಬೇಡ, ತುಂಡು ಮಾತ್ರ ಎತ್ತಿ. ಒಂದು ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಮೂರೂ ಇರಬೇಕು. ಒಟ್ಟಿಯ ಅರ್ಧ ಭಾಗದ ಮೇಲೆ ಇಟ್ಟು ಬೆರಳಿನಿಂದ ಸ್ವಲ್ಪ ಒತ್ತಿ. ಕೊಬ್ಬು ಕರಗಿ ಒಟ್ಟಿಯೊಳಗೆ ಇಳಿಯುತ್ತೆ. ಅದರ ಮೇಲೆ ಹಸಿ ಈರುಳ್ಳಿ, ಆಮೇಲೆ ಒಂದೇ ಒಂದು ಚಮಚ ಕಪ್ಪು ಗೊಜ್ಜು. ಮಡಿಚಿ ಅರ್ಧ ನಿಮಿಷ ಬಿಡಿ. ಒಟ್ಟಿಯ ಹೊರಮೈಯಲ್ಲಿ ಅಲ್ಲಲ್ಲಿ ಕಂದು ಚುಕ್ಕೆ ಮೂಡಿದರೆ ಒಳಗಿನ ರಸ ಇಳಿದಿದೆ ಅಂತ ಅರ್ಥ. ಆಗ ತಿನ್ನಿ.

ಕೆಲವು ಕೆಫೆಗಳಲ್ಲಿ ಈಗ ಬನ್ನಿನ ಒಳಗೆ ಪಂದಿ ಇಟ್ಟು ಕೊಡುತ್ತಾರೆ. ಚೆನ್ನಾಗಿ ಮಾಡಿದರೆ ನನ್ನದೇನೂ ತಕರಾರಿಲ್ಲ. ಒಮ್ಮೆ ಮಾತ್ರ ನೊಂದಿದ್ದೇನೆ. ಹೆಸರು ಬೇಡ. ಮೆನುವಿನಲ್ಲಿ ಊರಿನ ಹೆಸರು ದೊಡ್ಡದಾಗಿ ಹಾಕಿ, ಒಳಗೆ ಬೇಯಿಸಿದ ಮಾಂಸಕ್ಕೆ ಮಯೋನೀಸ್ ಕಲಸಿ, ವಿನೆಗರ್ ಚಿಮುಕಿಸಿ ಕೊಟ್ಟರು. ಬಿಲ್ ನೋಡಿ ಇನ್ನೊಮ್ಮೆ ನೊಂದೆ. ಜೊತೆಗಿದ್ದ ನೆಂಟರು ಪಾಪ, 'ಪಂದಿ ಅಂದರೆ ಇದೇನಾ?' ಅಂತ ಕೇಳಿದರು. ಮಾರನೇ ದಿನ ಅವರನ್ನು ಮನೆಗೆ ಕರೆದು ಬಡಿಸಿದ ಮೇಲೆಯೇ ನನಗೆ ಸಮಾಧಾನ.

ವಿನೆಗರ್ ಹಾಕಿದರೆ ಏನು ತಪ್ಪು? ಹುಳಿ ಹುಳಿಯೇ ಅಲ್ವಾ?

ಅಲ್ಲ ಅಂತ ಕೊಡಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪಂದಿ ಕರಿಯ ಹುಳಿ ಕಾಚಂಪುಳಿಯದ್ದು. ಕೊಡಗಿನ ಕಾಡು, ತೋಟಗಳಲ್ಲಿ ಬೆಳೆಯುವ ಪಣಪುಳಿ ಹಣ್ಣಿನಿಂದ ಮಾಡುತ್ತಾರೆ. ಪುನರ್ಪುಳಿಯ ಜಾತಿಗೆ ಸೇರಿದ ಮರ, ಆದರೆ ಹಣ್ಣು ಬೇರೆ, ಕುಂಬಳದ ಹಾಗೆ ಗೀರು ಗೀರಾಗಿರುತ್ತೆ. ಮಳೆಗಾಲದಲ್ಲಿ ಬಿದ್ದ ಹಣ್ಣನ್ನು ಆರಿಸಿ, ಕೊಳೆಯಲು ಬಿಟ್ಟು, ತೊಟ್ಟಿಕ್ಕುವ ರಸ ಹಿಡಿದು, ಅದನ್ನು ಗಂಟೆಗಟ್ಟಲೆ ಕಾಯಿಸಿದರೆ ಕೊನೆಗೆ ಕಪ್ಪಗೆ, ಗಟ್ಟಿಯಾಗಿ ಒಂದಿಷ್ಟು ಉಳಿಯುತ್ತೆ. ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಪಂದಿಗೆ ಕಪ್ಪು ಬಣ್ಣ ಬರುವುದು ಅರ್ಧ ಇದರಿಂದ, ಅರ್ಧ ಹುರಿದ ಮಸಾಲೆಯಿಂದ. ಜೀರಿಗೆ, ಕಾಳುಮೆಣಸು, ಕೊತ್ತಂಬರಿ, ಸಾಸಿವೆ, ಮೆಂತ್ಯ ಇವನ್ನು ಇನ್ನೇನು ಸೀದುಹೋಯಿತು ಅನ್ನುವಷ್ಟು ಹುರಿದು ಪುಡಿ ಮಾಡುತ್ತಾರೆ. ಕಾಚಂಪುಳಿ ಹಾಕುವುದು ಕೊನೆಯಲ್ಲಿ. ಅರ್ಧ ಕೆಜಿ ಮಾಂಸಕ್ಕೆ ಒಂದು ಚಮಚದಿಂದ ಶುರು ಮಾಡಿ, ರುಚಿ ನೋಡಿ ಮುಂದುವರಿಯಿರಿ. ಜಾಸ್ತಿ ಆದರೆ ಸರಿ ಮಾಡೋಕೆ ದಾರಿ ಇಲ್ಲ.

ಕೊಳ್ಳುವಾಗ ಬಾಟಲಿ ಓರೆ ಮಾಡಿ ನೋಡಿ. ನೀರಿನ ಹಾಗೆ ಓಡಿದರೆ ಬಿಟ್ಟುಬಿಡಿ.

ಕಾಡುಹಂದಿ ಸಿಗುತ್ತಾ?

ಇಲ್ಲ, ಕೇಳಲೂ ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯಾಡುವ ಹಾಗಿಲ್ಲ. ಹೋಟೆಲಿನಲ್ಲಿ ಬಡಿಸುವುದು ಸಾಕಿದ ಹಂದಿ.

ನಾವು ಸಸ್ಯಾಹಾರಿಗಳು. ನಮಗೇನಿದೆ?

ಮೊದಲನೆಯದು ಬೇಕರಿಯ ಬ್ರೆಡ್ ಟೋಸ್ಟ್. ಇದು ಕೊಡಗಿನದ್ದೇ ಅಂತ ನಾನು ಜಗಳಕ್ಕೆ ನಿಲ್ಲುವುದಿಲ್ಲ, ಕರ್ನಾಟಕದ ಬೇಕರಿಗಳಲ್ಲೆಲ್ಲ ಇದೆ. ಆದರೆ ಜುಲೈ ತಿಂಗಳ ಮಡಿಕೇರಿಯಲ್ಲಿ, ಕೊಡೆ ಮಡಿಚಿ ನೀರು ಕೊಡವಿ, ಬೇಕರಿಯ ಕಾವಲಿಯ ಹತ್ತಿರ ನಿಂತು ತಿಂದರೆ ಅದರ ರುಚಿಯೇ ಬೇರೆ. ಬ್ರೆಡ್ಡಿನ ಎರಡೂ ಬದಿಗೆ ಬೆಣ್ಣೆ ಸವರಿ ಕಾವಲಿಗೆ ಹಾಕುತ್ತಾರೆ. ಪಕ್ಕದಲ್ಲೇ ಈರುಳ್ಳಿ, ಕ್ಯಾರೆಟ್, ಟೊಮೆಟೊ, ಹಸಿಮೆಣಸು ಬಾಡಿಸಿದ ಪಲ್ಯ ಬಿಸಿಯಾಗುತ್ತಿರುತ್ತೆ. ಅದನ್ನು ಮೇಲೆ ಹರಡಿ, ಮಗುಚುವ ಕೈಯ ಅಂಚಿನಿಂದಲೇ ಟಕ್ ಟಕ್ ಅಂತ ನಾಲ್ಕು ತುಂಡು ಮಾಡಿ, ಪೇಪರ್ ಮೇಲೆ ಇಟ್ಟು ಕೊಡುತ್ತಾರೆ. 'ಎರಡು ಸ್ಲೈಸ್ ಮುಚ್ಚಿ ಕೊಡಿ' ಅಂದರೆ ಸ್ಯಾಂಡ್‌ವಿಚ್ ಆಯಿತು. ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ ಮೂರೂ ಕಡೆ ಬಸ್ ನಿಲ್ದಾಣದ ಸುತ್ತಮುತ್ತ ನೋಡಿ. ಯಾವ ಬೇಕರಿಯ ಮುಂದೆ ಸಂಜೆ ಐದಕ್ಕೆ ಸ್ಕೂಲ್ ಮಕ್ಕಳು ಮುತ್ತಿಕೊಂಡಿರುತ್ತಾರೋ ಅಲ್ಲಿಗೆ ಹೋಗಿ.

ಎರಡನೆಯದು ಬೆಣ್ಣೆಹಣ್ಣು. ಇದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಬೆಣ್ಣೆಹಣ್ಣಿನ ಸ್ಯಾಂಡ್‌ವಿಚ್ ಯಾವಾಗ ಸಿಗುತ್ತೆ?

ಪೇಟೆಯವರು ಇದನ್ನು ಅವಕಾಡೊ ಅಂದು ದುಬಾರಿ ಮಾಡುವ ಮೊದಲಿನಿಂದಲೂ ಕೊಡಗಿನ ತೋಟಗಳಲ್ಲಿ, ಮನೆಯ ಹಿತ್ತಲಿನಲ್ಲಿ ಈ ಮರ ಇತ್ತು. ಹಾಲು, ಸಕ್ಕರೆ ಹಾಕಿ ಜ್ಯೂಸ್ ಮಾಡುವುದು ಬಿಟ್ಟರೆ ಬೇರೆ ಉಪಯೋಗ ನಮಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಮರದಡಿ ಬಿದ್ದು ಕೊಳೆಯುತ್ತಿತ್ತು. ಈಗ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಂತ ತಳಿಗಳೇ ಬಂದಿವೆ. ಕಾಫಿಯ ನಡುವೆ ಬೇಕಂತಲೇ ನೆಡುವವರು ಹೆಚ್ಚಾಗಿದ್ದಾರೆ.

ಸುಮಾರು ಮೇ-ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಗುತ್ತೆ. ಮಡಿಕೇರಿಯ ಶುಕ್ರವಾರದ ಸಂತೆ, ಗೋಣಿಕೊಪ್ಪದ ಭಾನುವಾರದ ಸಂತೆ ಎರಡರಲ್ಲೂ ಹುಡುಕಿ. ಈ ಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಕಿತ್ತ ಮೇಲೆಯೇ ಮೆತ್ತಗಾಗುವುದು. ಹಾಗಾಗಿ ಗಟ್ಟಿ ಕಾಯಿ ಕೊಟ್ಟರೆ ಮೋಸ ಅಂದುಕೊಳ್ಳಬೇಡಿ, ಅಕ್ಕಿ ಡಬ್ಬದಲ್ಲಿ ನಾಲ್ಕೈದು ದಿನ ಇಡಿ. ತೊಟ್ಟಿನ ಹತ್ತಿರ ಒತ್ತಿದಾಗ ಸ್ವಲ್ಪ ಒಳಗೆ ಹೋದರೆ ತಿನ್ನಬಹುದು.

ಕೆಫೆಗಳಲ್ಲಿ ಟೋಸ್ಟ್ ಮೇಲೆ ಹಚ್ಚಿ ಕೊಡುತ್ತಾರೆ, ನಡೆಯುತ್ತೆ. ಮನೆಯದ್ದು ಹೀಗೆ: ಹಣ್ಣನ್ನು ಫೋರ್ಕಿನಲ್ಲಿ ಒರಟಾಗಿ ಹಿಸುಕಿ, ಉಪ್ಪು, ಎರಡು ಸೂಜಿಮೆಣಸು ಜಜ್ಜಿ ಹಾಕಿ, ಕಾಲು ಚಮಚಕ್ಕಿಂತ ಕಡಿಮೆ ಕಾಚಂಪುಳಿ. ನಿಂಬೆಹುಳಿಗಿಂತ ಇದು ಸೊಗಸು. ಬಣ್ಣ ಮಾತ್ರ ಕೆಸರಿನ ಹಾಗಾಗುತ್ತೆ, ಫೋಟೋ ತೆಗೆಯುವವರು ನಿಂಬೆ ಹಿಂಡಿಕೊಳ್ಳಿ.

ಮಳೆಗಾಲಕ್ಕೇ ಅಂತ ಏನಾದರೂ ವಿಶೇಷ ಇದೆಯಾ?

ಕುಮ್ಮು, ಅಂದರೆ ಅಣಬೆ. ಮಳೆ ಹಿಡಿದು, ಗುಡುಗಿ, ಒಂದು ದಿನ ಬಿಸಿಲು ಬಂದರೆ ತೋಟದಲ್ಲಿ ಏಳುತ್ತೆ. ಕಾಳುಮೆಣಸು, ಈರುಳ್ಳಿ ಹಾಕಿ ಒಣಗಿಸಿ ಬಾಡಿಸಿದ ಕುಮ್ಮು, ಬಿಸಿ ಒಟ್ಟಿ. ಇದು ಹೋಟೆಲಿಗೆ ಬರುವುದೇ ಕಡಿಮೆ. ಮನೆಯವರಿಗೇ ಸಾಲದು, ಹೋಟೆಲಿಗೆ ಯಾರು ಕೊಡುತ್ತಾರೆ? ನೀವೇ ಕಾಡಿಗೆ ಹೋಗಿ ಕಿತ್ತುಕೊಂಡು ಬರುವ ಸಾಹಸ ಮಾತ್ರ ಬೇಡ. ವಿಷದ ಅಣಬೆಯೂ ನೋಡೋಕೆ ಚೆನ್ನಾಗಿಯೇ ಇರುತ್ತೆ.

ಇನ್ನೊಂದು ಬೈಂಬಳೆ, ಎಳೆ ಬಿದಿರು. ಹಸಿಯಾಗಿ ತಿಂದರೆ ವಿಷ. ಅದಕ್ಕೇ ಸಣ್ಣಗೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುತ್ತಾರೆ. ಅದರ ವಾಸನೆ ಕೆಲವರಿಗೆ ಆಗುವುದಿಲ್ಲ. ನನ್ನ ಹೆಂಡತಿ ಹಾಸನದವಳು, ಬೈಂಬಳೆ ನೆನೆಹಾಕಿದ ಪಾತ್ರೆ ಇನ್ನೂ ಮನೆಯ ಹೊರಗೇ ಇದೆ.

ರಾತ್ರಿ ತಡವಾಗಿ ಹಸಿವಾದರೆ?

ಮಡಿಕೇರಿ ಬೇಗ ಮಲಗುವ ಊರು. ಒಂಬತ್ತರ ಮೇಲೆ ಗಾಡಿಯ ಬ್ರೆಡ್ ಆಮ್ಲೆಟ್ ಸಿಕ್ಕರೆ ಅದೃಷ್ಟ. ವರ್ಷದಲ್ಲಿ ಒಂದು ರಾತ್ರಿ ಮಾತ್ರ ಲೆಕ್ಕವೇ ಬೇರೆ: ವಿಜಯದಶಮಿ. ಹತ್ತು ದೇವಸ್ಥಾನಗಳ ದಶಮಂಟಪ ಬೆಳಗಿನವರೆಗೆ ಮೆರವಣಿಗೆ ಹೋಗುವಾಗ ಇಡೀ ಊರು ಬೀದಿಯಲ್ಲೇ. ಬೆಳಗಿನ ಜಾವ ಮೂರಕ್ಕೆ, ಸ್ವೆಟರ್ ಒಳಗೂ ನಡುಗುತ್ತಾ, ಒಂದು ಕಿವಿಗೆ ಡಿಜೆ, ಇನ್ನೊಂದು ಕಿವಿಗೆ ಆಮ್ಲೆಟ್ ಚುರ್ ಅನ್ನುವ ಸದ್ದು. ಆಮ್ಲೆಟ್ ಕಾವಲಿಯ ಮೇಲೆ ಇನ್ನೂ ಹಸಿಯಾಗಿರುವಾಗಲೇ ಬ್ರೆಡ್ ಇಟ್ಟು ಮಗುಚಿಸಬೇಕು, ಹೇಳಿ ಮಾಡಿಸಿಕೊಳ್ಳಿ. ಬ್ರೆಡ್ ಬೇರೆ, ಆಮ್ಲೆಟ್ ಬೇರೆ ಕೊಟ್ಟರೆ ಅದರಲ್ಲಿ ಏನು ಸುಖ?

ವಿರಾಜಪೇಟೆ ಕಡೆ ಏನು ತಿನ್ನಬೇಕು?

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕೇರಳದ ಇರಿಟ್ಟಿ, ಅಲ್ಲಿಂದ ಕಣ್ಣೂರು. ಆ ಕಡೆಯ ರುಚಿ ಈ ಕಡೆಗೂ ಹತ್ತಿದೆ. ರಂಜಾನ್ ತಿಂಗಳ ಸಂಜೆ ಬಂದರೆ ಇರಚ್ಚಿ ಪತ್ತಿರಿ ಕೇಳಿ. ಎರಡು ತೆಳು ಪೂರಿಯ ನಡುವೆ ಮಸಾಲೆ ಮಾಂಸ ತುಂಬಿ, ಅಂಚನ್ನು ಜಡೆ ಹೆಣೆದ ಹಾಗೆ ಮುಚ್ಚಿ ಕರಿದದ್ದು. ಬ್ರೆಡ್ ಇಲ್ಲದ ಸ್ಯಾಂಡ್‌ವಿಚ್ಚೇ ಅದು. ಬೇರೆ ದಿನಗಳಲ್ಲಿ ಪೊರೋಟದ ಒಳಗೆ ಮೊಟ್ಟೆ ರೋಸ್ಟ್ ಸುತ್ತಿಸಿಕೊಳ್ಳಿ. ಈರುಳ್ಳಿ ಕಂದು ಬಣ್ಣಕ್ಕೆ ಬಂದಿರಬೇಕು, ಬೆಳ್ಳಗಿದ್ದರೆ ಅವಸರದಲ್ಲಿ ಮಾಡಿದ್ದು.

ಬೈಲುಕುಪ್ಪೆಯ ತಿಂಡಿಯನ್ನೂ ಕೊಡಗಿನ ಲೆಕ್ಕಕ್ಕೆ ಸೇರಿಸಬಹುದಾ?

ನಕ್ಷೆಯ ಪ್ರಕಾರ ಇಲ್ಲ. ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಬೈಲುಕುಪ್ಪೆ ಇರುವುದು ಪಿರಿಯಾಪಟ್ಟಣ ತಾಲೂಕಿನಲ್ಲಿ. ಆದರೆ ಕೊಡಗಿಗೆ ಬಂದವರು ಗೋಲ್ಡನ್ ಟೆಂಪಲ್ ಅನ್ನುವ ಅಲ್ಲಿನ ಟಿಬೆಟನ್ ಬೌದ್ಧ ಮಠ ನೋಡದೆ ಹೋಗುವುದು ಕಡಿಮೆ, ಹಾಗಾಗಿ ಹೇಳುತ್ತೇನೆ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರು ಇಲ್ಲಿ ನೆಲೆ ನಿಂತರು. ಮೊಮೊ ಎಲ್ಲರೂ ತಿನ್ನುತ್ತಾರೆ. ನೀವು ಶಾಫಲೆ ಕೇಳಿ. ಹಿಟ್ಟಿನ ಹಾಳೆಯೊಳಗೆ ಮಾಂಸ ತುಂಬಿ, ಅರ್ಧಚಂದ್ರದ ಹಾಗೆ ಮಡಿಚಿ ಕರಿದದ್ದು, ನಮ್ಮ ಕರ್ಜಿಕಾಯಿಯ ದೊಡ್ಡಣ್ಣ. ಯಾವ ಮಾಂಸ ಅಂತ ಕೇಳಿಯೇ ತಗೊಳ್ಳಿ. ಮೊದಲ ತುತ್ತು ಕಚ್ಚುವಾಗ ಬಿಸಿ ರಸ ಅಂಗಿಯ ಮೇಲೆ ಚಿಮ್ಮುತ್ತೆ, ಸ್ವಲ್ಪ ಮುಂದೆ ಬಗ್ಗಿ ತಿನ್ನಿ. ಬಾಲೆಪ್ ಅಂತ ಅವರ ದಪ್ಪ ರೊಟ್ಟಿಯೂ ಇದೆ. ಅದನ್ನು ಸೀಳಿ ಒಳಗೆ ಬೆಣ್ಣೆ, ಕೊಡಗಿನ ಜೇನು ಹಾಕಿ ತಿಂದರೆ ಎರಡು ಜಿಲ್ಲೆಗೂ ನ್ಯಾಯ.

ಸಿಹಿ ಸ್ಯಾಂಡ್‌ವಿಚ್ ಇದೆಯಾ?

ಜೇನು, ಬೆಣ್ಣೆ, ಒಟ್ಟಿ. ಆಗಲೇ ಹೇಳಿದೆ. ಜೇನು ಕೊಳ್ಳುವುದಾದರೆ ವಿರಾಜಪೇಟೆಯ ಜೇನು ಸಹಕಾರ ಸಂಘ, ಭಾಗಮಂಡಲದ ಕಡೆಯದ್ದು ನೋಡಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳೆಲ್ಲ ಖಾಲಿ ಹೊಡೆದವು. ಆಮೇಲೆ ನಿಧಾನವಾಗಿ ಚೇತರಿಸಿಕೊಂಡ ಕಸುಬು ಇದು. ರಸ್ತೆ ಬದಿಯಲ್ಲಿ ಪೂರ್ತಿ ಗೂಡು ಸಮೇತ ಬಕೆಟ್‌ನಲ್ಲಿ ಇಟ್ಟುಕೊಂಡವರ ಹತ್ತಿರ ನಾನಂತೂ ತಗೊಳ್ಳುವುದಿಲ್ಲ.

ಕೊಡಗಿನ ಕಿತ್ತಳೆಯ ಮಾರ್ಮಲೇಡ್ ಸಿಕ್ಕರೆ ಬ್ರೆಡ್ಡಿಗೆ ಅದು. ಸಿಪ್ಪೆಯ ಸಣ್ಣ ಕಹಿ ಬೆಣ್ಣೆಯ ಜೊತೆ ಸೊಗಸಾಗಿ ಹೊಂದುತ್ತೆ. ಈ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಆದರೆ ರೋಗ ಬಡಿದು ತೋಟಗಳು ಕರಗಿವೆ. ದಾರಿ ಬದಿಯಲ್ಲಿ ರಾಶಿ ಹಾಕಿದ್ದೆಲ್ಲ ಕೊಡಗಿನದ್ದಲ್ಲ. ನಮ್ಮದರ ಸಿಪ್ಪೆ ಬಿಗಿ, ಬಣ್ಣ ಹಸಿರು ಮಿಶ್ರಿತ ಹಳದಿ, ನೋಡೋಕೆ ಅಂದವಿಲ್ಲ.

ಮನೆಯಲ್ಲಿ ಪಂದಿ ಬನ್ ಮಾಡುವುದು ಹೇಗೆ?

ಹಿಂದಿನ ರಾತ್ರಿಯ ಪಂದಿ ಕರಿ ಉಳಿದಿರಬೇಕು. ಇದೇ ಕಷ್ಟದ ಭಾಗ, ಉಳಿಯುವುದಿಲ್ಲ. ಅದಕ್ಕೇ ಮಾಡುವಾಗಲೇ ಒಂದು ಬಟ್ಟಲು ತೆಗೆದು ಮುಚ್ಚಿಡಿ.

ಕಬ್ಬಿಣದ ಬಾಣಲೆಗೆ ಎಣ್ಣೆ ಬೇಡ. ಕರಿ ಹಾಗೇ ಹಾಕಿ, ಸಣ್ಣ ಉರಿಯಲ್ಲಿ ಗೊಜ್ಜು ಇಂಗಿ ಕೊಬ್ಬು ಬಿಡುವವರೆಗೆ ಬಾಡಿಸಿ. ತುಂಡುಗಳನ್ನು ಸೌಟಿನ ಹಿಂಬದಿಯಿಂದ ಒಡೆಯಿರಿ. ಅಂಚು ಸ್ವಲ್ಪ ಗರಿಯಾಗಲಿ. ಈರುಳ್ಳಿ ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ ನೀರು ತೆಗೆಯಿರಿ. ಬೇಕರಿಯ ಗುಂಡು ಬನ್ ಸೀಳಿ, ಅದೇ ಬಾಣಲೆಯಲ್ಲಿ ಉಳಿದ ಕೊಬ್ಬಿಗೆ ಒಳಮೈ ತಾಗಿಸಿ ಕೆಂಪಗೆ ಮಾಡಿ. ಸಿಹಿ ಬನ್ ಆದರೂ ಪರವಾಗಿಲ್ಲ, ನನಗೆ ಅದೇ ಇಷ್ಟ. ಮಾಂಸ, ಈರುಳ್ಳಿ, ಮೇಲೆ ಎರಡು ಹನಿ ಕಾಚಂಪುಳಿ. ಮುಚ್ಚಿ, ಮೇಲೆ ಒಂದು ತಟ್ಟೆ ಇಟ್ಟು ಅಂಗೈಯಲ್ಲಿ ಒತ್ತಿ. ಜೊತೆಗೆ ಬೆಲ್ಲದ ಕಪ್ಪು ಕಾಫಿ. ಸಾಸ್, ಚೀಸ್ ಯಾವುದೂ ಬೇಡ.

ಮಕ್ಕಳಿಗೆ ಖಾರ ಆಗುತ್ತಾ?

ಪಂದಿ ಆಗುತ್ತೆ, ಮೆಣಸಿನ ಖಾರ. ಅವರಿಗೆ ಬನ್, ಬೆಣ್ಣೆ, ಜಾಮ್.

ಎಷ್ಟು ಖರ್ಚಾಗುತ್ತೆ?

ಬೇಕರಿಯಲ್ಲಿ ಚಿಲ್ಲರೆ ಕಾಸಿಗೆ ಆಗುತ್ತೆ. ಪಂದಿ, ಒಟ್ಟಿ ಎರಡೂ ತಗೊಂಡರೆ ಒಂದು ಊಟದ ಬೆಲೆ. ನೋಟ ಚೆನ್ನಾಗಿರುವ ಕೆಫೆಯಲ್ಲಿ ನೋಟಕ್ಕೂ ಸೇರಿಸಿ ಬಿಲ್ ಹಾಕುತ್ತಾರೆ.

ಕಟ್ಟಿಸಿಕೊಂಡು ಬೆಟ್ಟದ ಮೇಲೆ ಕೂತು ತಿನ್ನಬಹುದಾ?

ತಿನ್ನಿ. ಆದರೆ ಸ್ಟೀಲ್ ಡಬ್ಬಿ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಸಿ ಒಟ್ಟಿ ಬೆವರಿ ಅಂಟಂಟಾಗುತ್ತೆ, ಆಮೇಲೆ ಆ ಕವರ್ ಬೆಟ್ಟದಲ್ಲೇ ಉಳಿಯುತ್ತೆ. ಬಾಳೆಎಲೆ ಬಾಡಿಸಿ ಸುತ್ತಿದರೆ ಎಲ್ಲಕ್ಕಿಂತ ಒಳ್ಳೆಯದು. ಕೋತಿ ಇರುವ ಕಡೆ ಡಬ್ಬಿ ತೆರೆಯಬೇಡಿ. ಅಬ್ಬಿ ಜಲಪಾತದ ದಾರಿಯಲ್ಲಿ ನನ್ನ ಭಾವನ ಬನ್ ಕೈಯಿಂದಲೇ ಹೋಯಿತು, ಕಚ್ಚಿದ ಭಾಗವನ್ನು ಮಾತ್ರ ಕೋತಿ ಬಿಸಾಕಿತು.

ಒಂದೇ ದಿನ ಇರುತ್ತೇವೆ. ಯಾವುದು ಬಿಡಬಾರದು?

ಶುಕ್ರವಾರ ಬನ್ನಿ. ಬೆಳಿಗ್ಗೆ ಮಡಿಕೇರಿ ಸಂತೆ ಸುತ್ತಿ ಸೂಜಿಮೆಣಸು, ಸೀಸನ್ ಇದ್ದರೆ ಬೆಣ್ಣೆಹಣ್ಣು ತಗೊಳ್ಳಿ. ಹನ್ನೆರಡೂವರೆಗೆಲ್ಲ ಪಂದಿ, ಒಟ್ಟಿ ತಿನ್ನೋಕೆ ಕೂತಿರಬೇಕು. ಸಂಜೆ ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದು ನೋಡಿ, ಇಳಿದು ಬಂದು ಬ್ರೆಡ್ ಟೋಸ್ಟ್. ಮಧ್ಯಾಹ್ನ ತಡವಾಗಿ ಹೋಗಿ ಒಟ್ಟಿ ಖಾಲಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಕಡುಂಬುಟ್ಟು ಇದೆಯಾ ಕೇಳಿ. ಅಕ್ಕಿ ತರಿಯ ಉಂಡೆ ಅದು, ಮಡಿಚೋಕೆ ಆಗುವುದಿಲ್ಲ. ಹೆಬ್ಬೆರಳಿನಿಂದ ನಡುವೆ ಗುಳಿ ಮಾಡಿ ಒಂದು ತುಂಡು ಪಂದಿ ತುಂಬಿ, ಹಾಗೇ ಬಾಯಿಗೆ ಹಾಕಿಕೊಳ್ಳಿ.